ಅಲ್ಲಿ ನೆಲ ನಡುಗಿದಾಗ ಇಲ್ಲಿ ನಾವೇನು ಮಾಡೋದು?

ಹೋದ ಸಂಚಿಕೆಯಲ್ಲಿ ಒಬ್ಬರ ಕಾಗದಕ್ಕೆ ಉತ್ತರ ಬರೆಯುವಾಗ, ನಾನು ಮೂರು ವರ್ಷ ನೇಪಾಳದ ಪಾಟನ್‌ನಲ್ಲಿ ಮೇಷ್ಟ್ರಾಗಿದ್ದ ವಿಷಯ ಮಾತಿಗೆ ಬಂದಿತ್ತು. 2015ರ ಭೂಕಂಪದ ಹೊತ್ತಿಗೆ ನಾನು ಅಲ್ಲಿರಲಿಲ್ಲ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬಂದ ಕಾಗದಗಳ ಕಟ್ಟು ನೋಡಿದರೆ, ನೇಪಾಳಕ್ಕೆ ಒಮ್ಮೆ ಹೋಗಿ ಮನಸ್ಸನ್ನು ಅಲ್ಲೇ ಬಿಟ್ಟು ಬಂದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ ಅನ್ನಿಸಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಆಸ್ತಿ, ಅತ್ತೆ-ಸೊಸೆ, ಕೂದಲು ಉದುರೋದು ಇವುಗಳ ಬಗ್ಗೆ ಕೇಳಿದವರು ಒಂದು ತಿಂಗಳು ಕಾಯಬೇಕು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಷ್ಟ್ರೇ, 2014ರ ಅಕ್ಟೋಬರ್‌ನಲ್ಲಿ ಲಾಂಗ್‌ಟಾಂಗ್ ಕಣಿವೆಗೆ ಟ್ರೆಕ್ಕಿಂಗ್ ಹೋಗಿದ್ದೆ. ಲಾಂಗ್‌ಟಾಂಗ್ ಹಳ್ಳಿಯಲ್ಲಿ ಜ್ವರ ಬಂದು ಎರಡು ದಿನ ಮಲಗಿದೆ. ಲಾಡ್ಜ್ ನಡೆಸುತ್ತಿದ್ದ ದೀದಿ ಬೆಳ್ಳುಳ್ಳಿ ಸೂಪ್ ಮಾಡಿ ಮಾಡಿ ಕುಡಿಸಿದರು, ಹೊರಡುವಾಗ ಬಿಲ್ಲಿನಲ್ಲಿ ಸೂಪಿನ ಲೆಕ್ಕವನ್ನೇ ಹಿಡಿದಿರಲಿಲ್ಲ. ಆರು ತಿಂಗಳಿಗೆ ಭೂಕಂಪ. ಆ ಹಳ್ಳಿಯೇ ಇಲ್ಲ ಅಂತ ಟಿವಿಯಲ್ಲಿ ತೋರಿಸಿದರು. ಅವತ್ತು ಅತ್ತಷ್ಟು ನಾನು ನಮ್ಮ ಮನೆಯ ಸಾವಿಗೂ ಅತ್ತಿಲ್ಲ. "ಎರಡು ದಿನದ ಪರಿಚಯಕ್ಕೆ ಇದೇನು ನಾಟಕ" ಅಂದರು ಮನೆಯಲ್ಲಿ. ಆ ಮಾತು ಈಗಲೂ ಚುಚ್ಚುತ್ತದೆ. ದೀದಿಯ ಹೆಸರು ಕೂಡ ನಾನು ಕೇಳಿರಲಿಲ್ಲ.
— ಹೆಸರು ಬೇಡ ಎಂದ ಓದುಗಿ

ಉತ್ತರ: ನಾಟಕ ಅಲ್ಲಮ್ಮ. ಜ್ವರದಲ್ಲಿ ಹತ್ತಿರ ಕೂತು ಸೂಪ್ ಕುಡಿಸಿದವರನ್ನು ದಿನ ಎಣಿಸಿ ಅಳೆಯೋಕಾಗಲ್ಲ.

ಅಲ್ಲಿ ಆದದ್ದು ಇಷ್ಟು. 2015ರ ಏಪ್ರಿಲ್ 25, ಶನಿವಾರ, ನೇಪಾಳದ ಗಡಿಯಾರದಲ್ಲಿ ಬೆಳಿಗ್ಗೆ 11:56. ಕಾಠ್ಮಂಡುವಿನಿಂದ ವಾಯುವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ, 7.8 ತೀವ್ರತೆಯ ಭೂಕಂಪ. ದೇಶದಲ್ಲಿ ಒಟ್ಟು ಸುಮಾರು 9,000 ಜನ ಸತ್ತರು. ಲಾಂಗ್‌ಟಾಂಗ್‌ನ ಕತೆ ಮಾತ್ರ ಬೇರೆ. ಅಲ್ಲಿ ಮೇಲಿನ ಬೆಟ್ಟದಿಂದ ಹಿಮ, ಮಂಜುಗಡ್ಡೆ, ಬಂಡೆ ಎಲ್ಲಾ ಒಟ್ಟಿಗೆ ಕಳಚಿಕೊಂಡು ಹಳ್ಳಿಯ ಮೇಲೇ ಬಂದು ಬಿತ್ತು. ಅದರ ಜೊತೆ ಬಂದ ಗಾಳಿಯ ಹೊಡೆತ ಎಷ್ಟಿತ್ತೆಂದರೆ ಎದುರು ಬೆಟ್ಟದ ಮರಗಳೂ ನೆಲಕ್ಕೆ ಮಲಗಿದವು. ಕಣಿವೆಯಲ್ಲಿ 300ಕ್ಕೂ ಹೆಚ್ಚು ಜನ ಹೋದರು. ಊರಿನವರು, ಟ್ರೆಕ್ಕಿಂಗ್‌ಗೆ ಬಂದವರು, ಅವರ ಸಾಮಾನು ಹೊತ್ತವರು.

ಆದರೆ ಎಲ್ಲರೂ ಹೋಗಲಿಲ್ಲ. ಟಿವಿ ಅಷ್ಟು ಹೇಳಿ ಮುಂದಿನ ಸುದ್ದಿಗೆ ಹೋಯಿತು, ನೀವು ಅಲ್ಲೇ ನಿಂತುಬಿಟ್ಟಿದ್ದೀರಿ. ಉಳಿದವರನ್ನು ಹೆಲಿಕಾಪ್ಟರ್‌ನಲ್ಲಿ ಕಾಠ್ಮಂಡುವಿಗೆ ಕರೆತಂದರು. ಸ್ವಯಂಭೂ ಹತ್ತಿರ ಹಳದಿ ಗುಂಬಾ ಅಂತ ಜನ ಕರೆಯುವ ಬೌದ್ಧ ಮಠವಿದೆ, ಅದರ ಆವರಣದಲ್ಲಿ ಡೇರೆ ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಆಮೇಲೆ ವಾಪಸ್ ಹತ್ತಿ ಹೋಗಿ ಹೊಸ ಮನೆ, ಹೊಸ ಲಾಡ್ಜ್ ಕಟ್ಟಿಕೊಂಡರು. ಈಗ ಅಲ್ಲಿಗೆ ಹೋಗುವವರು ಹಳೆ ಹಳ್ಳಿ ಹೂತಿರುವ ಕಲ್ಲುರಾಶಿಯ ಮೇಲೇ ನಡೆದು ದಾಟುತ್ತಾರೆ. ನಿಮ್ಮ ದೀದಿ ಅವತ್ತು ಒಲೆಯ ಮುಂದಿದ್ದರೋ, ಯಾಕ್ ನೋಡಲು ಮೇಲೆ ಹೋಗಿದ್ದರೋ, ಓದಲು ಬಿಟ್ಟ ಮಕ್ಕಳನ್ನು ನೋಡಲು ಕಾಠ್ಮಂಡುವಿಗೆ ಇಳಿದಿದ್ದರೋ ಯಾರಿಗೆ ಗೊತ್ತು? ಸತ್ತರು ಅಂತ ನೀವೇ ತೀರ್ಮಾನ ಮಾಡಿ ಇಷ್ಟು ವರ್ಷ ಅತ್ತಿದ್ದೀರಿ.

ಒಂದು ಕೆಲಸ ಮಾಡಿ. ಆ ಟ್ರೆಕ್ಕಿಂಗ್‌ನ ಫೋಟೋಗಳು ಇರ್ತವೆ ಅಲ್ವಾ? ಹಳ್ಳಿಯ ಓಣಿ, ಮನೆ, ಅಡುಗೆಮನೆ, ಹಿಂದೆ ಯಾರೋ ಅರ್ಧ ಕಾಣುತ್ತಿರುವುದು, ಇಂಥವನ್ನೆಲ್ಲ ಹುಡುಕಿ ತೆಗೆಯಿರಿ. ನೀವು ಬೆಟ್ಟದ ಮುಂದೆ ಕೈ ಚಾಚಿ ನಿಂತದ್ದು ಬೇಡ. ಆ ಮನೆಗಳ ಜೊತೆಗೆ ಮನೆಯವರ ಫೋಟೋಗಳೂ ಹೂತುಹೋಗಿವೆ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇರಬಹುದು. ಕಾಗದದಲ್ಲಿ ಪ್ರಿಂಟ್ ಹಾಕಿಸಿ ತೆಗೆದುಕೊಂಡು ಹೋಗಿ, ಇಲ್ಲವೇ ಹೋಗುವವರ ಕೈಯಲ್ಲಿ ಕಳಿಸಿ. ದೀದಿಯ ಹೆಸರು ಆಗಲಾದರೂ ಗೊತ್ತಾಗಬಹುದು. ಗೊತ್ತಾಗುವ ಸುದ್ದಿ ಕೆಟ್ಟದ್ದೂ ಇರಬಹುದು, ಅದಕ್ಕೆ ತಯಾರಾಗಿಯೇ ಹೋಗಿ.

ಪ್ರಶ್ನೆ: ನಮ್ಮ ಕಾಲೇಜಿನ ಗೆಳೆಯ ಕಾಠ್ಮಂಡುವಿನವನು. 2024ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಪ್ರವಾಹ ಬಂದಾಗ ಒಂದೇ ರಾತ್ರಿ ಹದಿನೇಳು ಸಲ ಫೋನ್ ಮಾಡಿದೆ. ಕೊನೆಗೆ ಎತ್ತಿ "ಆಮೇಲೆ ಮಾತಾಡೋಣ ಕಣೋ" ಅಂತ ಇಟ್ಟುಬಿಟ್ಟ. ಇಷ್ಟು ಕಾಳಜಿ ಮಾಡಿದ್ದಕ್ಕೆ ಇದಾ ಮರ್ಯಾದೆ?
— ಹಳೆ ಗೆಳೆಯ

ಉತ್ತರ: ಹದಿನೇಳಾ! ಪಾಪ, ಅವನ ಫೋನಿನಲ್ಲಿ ಚಾರ್ಜ್ ಎಷ್ಟಿತ್ತೋ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ, ಯಾಕೆಂದರೆ ನಾನು ಮಾಡಿದ್ದು ಇದಕ್ಕಿಂತ ಕಡೆ. ಪಾಟನ್‌ನಲ್ಲಿ ನಾನಿದ್ದದ್ದು ಒಂದು ನೇವಾರ ಮನೆಯ ಬಾಡಿಗೆ ಕೋಣೆಯಲ್ಲಿ. ನೇವಾರರು ಅಂದರೆ ಕಾಠ್ಮಂಡು ಕಣಿವೆಯ ಮೂಲ ಜನ. ಮನೆಯೊಡತಿಯನ್ನು ಎಲ್ಲರ ಹಾಗೆ ನಾನೂ ಆಮಾ ಅಂತಿದ್ದೆ. ಇಟ್ಟಿಗೆ, ಮಣ್ಣಿನ ಗಾರೆ, ಕೆತ್ತಿದ ಮರದ ಕಿಟಕಿ, ತಲೆ ಬಗ್ಗಿಸಿ ಹತ್ತಬೇಕಾದ ಏಣಿಯಂಥ ಮೆಟ್ಟಿಲು. ನೇವಾರರ ಹಳೆ ಮನೆಗಳಲ್ಲಿ ಅಡುಗೆಮನೆ ಇರೋದು ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ. ಮಡಿಗೆ ಅಂತ. ಭೂಕಂಪದ ಸುದ್ದಿ ಕೇಳಿದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಆ ಅಡುಗೆಮನೆ, ಅದರಲ್ಲಿ ಆಮಾ. ಎರಡು ದಿನ ಒಂದೇ ಸಮನೆ ನಂಬರ್ ಒತ್ತಿದೆ. ಲೈನ್ ಸಿಗಲಿಲ್ಲ. ಮೂರನೇ ದಿನ ಪಕ್ಕದ ಮನೆ ಹುಡುಗನ ಫೋನಿಗೆ ಕರೆ ಹೋಯಿತು, ಅವನು ಓಡಿಹೋಗಿ ಆಮಾಗೆ ಕೊಟ್ಟ. ಅವರ ದನಿ ಕೇಳಿದ್ದೇ ತಡ, ನಾನು ಅಳಲು ಶುರು ಮಾಡಿದೆ. ಅಳುತ್ತಲೇ ನನಗೆ ಎಷ್ಟು ಭಯವಾಗಿತ್ತು ಅಂತ ಹೇಳಿದೆ, ನಿದ್ದೆ ಮಾಡಿಲ್ಲ ಅಂತ ಹೇಳಿದೆ. ಆಮಾ ಎಲ್ಲಾ ಕೇಳಿಸಿಕೊಂಡು "ಭಾತ್ ಖಾನುಭಯೋ?" ಅಂದರು. ಊಟ ಆಯ್ತಾ ಅಂತ. ನೇಪಾಳದಲ್ಲಿ ಯಾರು ಸಿಕ್ಕಿದರೂ ಮೊದಲು ಕೇಳೋದು ಅದನ್ನೇ. ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ಮೂರನೇ ದಿನ ಕೂತಿರುವ ಹೆಂಗಸು, ಮನೆಯಲ್ಲಿ ಫ್ಯಾನ್ ಕೆಳಗೆ ಕೂತಿರುವ ನನ್ನನ್ನು ಊಟ ಆಯ್ತಾ ಅಂತ ಕೇಳ್ತಿದ್ದಾರೆ. ನಾನು ಹ್ಞೂಂ ಅನ್ನುವಷ್ಟರಲ್ಲಿ ಫೋನ್ ಸತ್ತಿತು. ಇಡೀ ಬೀದಿಗೆ ಉಳಿದಿದ್ದ ಒಂದು ಫೋನಿನ ಚಾರ್ಜನ್ನು ನಾನು ನನ್ನ ಅಳುವಿಗೆ ಖರ್ಚು ಮಾಡಿದ್ದೆ. ನಿಮಗೇನು ಬೇಕು ಅಂತ ಕೇಳಲೇ ಇಲ್ಲ.

(ಆಮಾ ಬದುಕಿದ್ದು ಬಟ್ಟೆ ಒಗೆಯಲು ಹೋಗಿದ್ದರಿಂದ. ಅಲ್ಲಿ ಬೀದಿಗೊಂದು ಕಲ್ಲಿನ ನೀರುಬಾಯಿ ಇರುತ್ತದೆ, ಢುಂಗೆ ಧಾರಾ ಅಂತಾರೆ. ಅಲ್ಲಿ ಕೂತು ಒಗೆಯುತ್ತಿದ್ದರಂತೆ. ಮನೆಯ ಮೇಲಿನ ಅಂತಸ್ತು ಉಳಿಯಲಿಲ್ಲ. ಅಂದಹಾಗೆ ನೇಪಾಳದಲ್ಲಿ ಆಗ ವಾರದ ರಜೆ ಇದ್ದದ್ದು ಭಾನುವಾರ ಅಲ್ಲ, ಶನಿವಾರ. ಸಾವಿರಾರು ಶಾಲೆಗಳ ಕೊಠಡಿಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ಮೇಷ್ಟ್ರಾದ ನನಗೆ ಇದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.)

ನಿಮ್ಮ ಗೆಳೆಯನ ವಿಷಯಕ್ಕೆ ಬರೋಣ. ಆ ರಾತ್ರಿ ಬಾಗ್ಮತಿ, ನಖ್ಖು ನದಿಗಳು ಮನೆಯೊಳಗೆ ನುಗ್ಗುತ್ತಿದ್ದವು. ಅವನು ಅಪ್ಪ-ಅಮ್ಮನನ್ನು ಮಹಡಿಗೆ ಹತ್ತಿಸುತ್ತಿದ್ದನೋ, ಸ್ಕೂಟರ್ ಎತ್ತಿಡುತ್ತಿದ್ದನೋ. ಇಂಥ ಹೊತ್ತಲ್ಲಿ ಫೋನ್ ಬೇಡ, ಒಂದು ಮೆಸೇಜ್ ಹಾಕಿ. "ಕ್ಷೇಮವಾಗಿದ್ದರೆ ಒಂದು ಚುಕ್ಕಿ ಕಳಿಸು, ಉತ್ತರ ಬರೆಯಬೇಡ" ಅಂತ. ಕಾಲೇಜಿನ ಇಪ್ಪತ್ತು ಜನವೂ ಕರೆ ಮಾಡುವ ಬದಲು ಒಬ್ಬರು ವಿಚಾರಿಸಿ ಉಳಿದವರಿಗೆ ತಿಳಿಸಿ. ಆಮೇಲೆ ಮಾತಾಡೋಣ ಅಂದನಲ್ಲ, ಆ "ಆಮೇಲೆ" ನಿಮ್ಮ ಕೈಯಲ್ಲಿದೆ. ಮೂರು ವಾರ ಬಿಟ್ಟು ಮಾಡಿದಿರಾ? ಟಿವಿಯವರು ಮರೆತ ಮೇಲೆ, ಮನೆಯ ಕೆಸರು ಬಾಚಿ ಮುಗಿದ ಮೇಲೆ, ಒಬ್ಬನೇ ಕೂತಿರುವಾಗ? ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ.

ಪ್ರಶ್ನೆ: ತಂಗಿಯನ್ನು ತಬ್ಬಿ ಕೂತ ಪುಟ್ಟ ಹುಡುಗನ ಫೋಟೋ "ನೇಪಾಳದ ಅನಾಥ ಮಕ್ಕಳು" ಅಂತ ಬಂದಿತ್ತು. ನಾನೇ ಎಪ್ಪತ್ತು ಜನಕ್ಕೆ ಕಳಿಸಿದ್ದೆ. ಅದು ಸುಳ್ಳಂತೆ, ಹೌದಾ?

ಉತ್ತರ: ಫೋಟೋ ನಿಜ, ಬರೆದದ್ದು ಸುಳ್ಳು. ಅದು ವಿಯೆಟ್ನಾಂನ ಹಾ ಜಿಯಾಂಗ್‌ನಲ್ಲಿ 2007ರಲ್ಲಿ ತೆಗೆದದ್ದು. ಆ ಮಕ್ಕಳು ಅನಾಥರೂ ಅಲ್ಲ. ಅಪ್ಪ-ಅಮ್ಮ ಹೊಲದಲ್ಲಿದ್ದರು, ಮಕ್ಕಳು ಮನೆ ಮುಂದೆ ಆಡುತ್ತಿದ್ದವು, ಕ್ಯಾಮೆರಾ ಹಿಡಿದ ಹೊಸಬನನ್ನು ನೋಡಿ ತಂಗಿ ಅತ್ತಳು, ಅಣ್ಣ ತಬ್ಬಿಕೊಂಡ. ಅಷ್ಟೇ. ಇದೇ ಫೋಟೋ ಬರ್ಮಾದ್ದು ಅಂತಲೂ, ಸಿರಿಯಾದ್ದು ಅಂತಲೂ ತಿರುಗಿದೆ. ಆ ಮಕ್ಕಳನ್ನು ಹುಡುಕಿ ದುಡ್ಡು ಕೊಡಬೇಕು ಅಂತ ಓಡಾಡಿದವರೂ ಇದ್ದರು.

ಎಪ್ಪತ್ತು ಜನಕ್ಕೂ ಈಗ ಹೇಳಿ. ನಾಚಿಕೆ ಆಗುತ್ತೆ, ಆಗಲಿ. ಭೂಕಂಪದ ಮಾರನೇ ದಿನವೇ "ಇಷ್ಟು ಗಂಟೆಗೆ ಇನ್ನೂ ದೊಡ್ಡದು ಬರುತ್ತೆ, ಚಂದ್ರ ತಲೆಕೆಳಗಾಗಿದ್ದಾನೆ" ಅಂತೆಲ್ಲ ಹಬ್ಬಿಸಿದರಲ್ಲ, ಅವರಿಗಿಂತ ನೀವು ಎಷ್ಟೋ ವಾಸಿ. ಗಂಟೆ ಹೇಳಿ ಭೂಕಂಪ ಬರಲ್ಲ. ಹಾಗೆ ಹೇಳಬಲ್ಲ ಯಂತ್ರ ಯಾವ ದೇಶದಲ್ಲೂ ಇಲ್ಲ.

ಪ್ರಶ್ನೆ: ನಮ್ಮ ಮಹಿಳಾ ಮಂಡಳಿಯಿಂದ ಆಗ ಒಂಬತ್ತು ಮೂಟೆ ಬಟ್ಟೆ ಸೇರಿಸಿದ್ದೆವು. ಕಳಿಸಲು ಹೋದರೆ ಯಾರೂ ತಗೊಳ್ಳಲಿಲ್ಲ. ಕೊಡುವ ಕೈಯನ್ನೇ ತಡೆದರೆ ಹೇಗೆ?
— ಮಂಡಳಿಯ ಕಾರ್ಯದರ್ಶಿ

ಉತ್ತರ: ಕೊಡುವ ಕೈಗೆ ನಮಸ್ಕಾರ. ಆದರೆ ಮೂಟೆ ಬಿಚ್ಚಿ ನೋಡಿದಿರಾ? ನಾನೂ ಇಂಥ ಮೂಟೆ ವಿಂಗಡಿಸಲು ಕೂತಿದ್ದೆ, ಅದಕ್ಕೆ ಕೇಳ್ತಿದ್ದೇನೆ. ಜಿಪ್ ಹೋದ ಪ್ಯಾಂಟು, ಒಂದೇ ಕಾಲಿನ ಶೂ, ಜರಿ ಸುಟ್ಟ ರವಿಕೆ. ಒಂದು ಮೂಟೆಯಲ್ಲಿ ಮದುವೆಯ ಕೋಟು ಇತ್ತು, ಜೇಬಿನಲ್ಲಿ ಆಮಂತ್ರಣ ಪತ್ರಿಕೆ ಹಾಗೇ ಇತ್ತು. ಬೀರು ಖಾಲಿ ಮಾಡೋದು ಬೇರೆ, ದಾನ ಬೇರೆ.

ಕಾಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇರೋದು ಒಂದೇ ರನ್‌ವೇ. ಆ ವಾರ ಅದರ ಮೇಲೆ ಇಡೀ ಜಗತ್ತಿನ ವಿಮಾನಗಳು ಇಳಿಯಲು ಕಾದಿದ್ದವು, ಆಕಾಶದಲ್ಲೇ ಸುತ್ತು ಹೊಡೆದು ವಾಪಸ್ ಹೋದವೂ ಇದ್ದವು. ಅಂಥ ಜಾಗದಲ್ಲಿ ನಮ್ಮ ಒಂದು ಮೂಟೆ ಇಳಿದರೆ, ಅಷ್ಟು ಜಾಗದ ಔಷಧಿ ಇಳಿಯಲ್ಲ. ಇಳಿದ ಮೇಲೂ ಪೆಟ್ಟು ತಿಂದ ಸಿಂಧುಪಾಲ್ಚೋಕ್ ಜಿಲ್ಲೆಯ ಗುಡ್ಡದ ಮೇಲಿನ ಊರಿಗೆ ಅದನ್ನು ಯಾರೋ ಬೆನ್ನ ಮೇಲೆ ಹೊರಬೇಕು.

ಅವರಿಗೆ ಬೇಕಿದ್ದದ್ದು ತ್ರಿಪಾಲ್, ಅಂದರೆ ಟಾರ್ಪಾಲು. ಆಮೇಲೆ ಜಸ್ತಾ ಪಾತಾ, ನಮ್ಮ ಜಿಂಕ್ ಶೀಟು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಅದರೊಳಗೆ ತಲೆಯ ಮೇಲೆ ಏನಾದರೂ ಬೇಕು ಅನ್ನೋದು ಒಂದೇ ಚಿಂತೆ. ಅದರ ಮಧ್ಯೆ ಮೇ 12ಕ್ಕೆ ಮತ್ತೆ 7.3 ತೀವ್ರತೆಯದ್ದು ಬಂತು. ಅರ್ಧ ನಿಂತಿದ್ದ ಮನೆಗಳೂ ಹೋದವು, ಧೈರ್ಯ ಮಾಡಿ ಒಳಗೆ ಮಲಗಲು ಶುರು ಮಾಡಿದ್ದವರು ಮತ್ತೆ ಬಯಲಿಗೆ ಬಂದರು. ಒಂದು ವರ್ಷದೊಳಗೆ 4ಕ್ಕಿಂತ ಹೆಚ್ಚು ತೀವ್ರತೆಯ ಪರಾಕಂಪಗಳೇ, ಅಂದರೆ ದೊಡ್ಡದರ ಹಿಂದೆ ಬರುವ ನಡುಕಗಳೇ, 400 ದಾಟಿದವು. ಶೀಟು ಅಲ್ಲೇ ಸಿಗುತ್ತದೆ, ಬೇಕಾದದ್ದು ಕೊಳ್ಳಲು ದುಡ್ಡು. ನೇಪಾಳ ರೆಡ್ ಕ್ರಾಸ್‌ನಂಥ, ಜಿಲ್ಲೆ ಜಿಲ್ಲೆಯಲ್ಲಿ ಜನ ಇರುವ ಸಂಸ್ಥೆಗೆ ದುಡ್ಡು ಕಳಿಸಿ ಸುಮ್ನಿರೋದೇ ಒಳ್ಳೆಯದು. ಮೂಟೆ ಕಟ್ಟುವಾಗ ಸಿಗುವ ಸಮಾಧಾನ ಅದರಲ್ಲಿ ಸಿಗಲ್ಲ, ಒಪ್ಪಿದೆ.

ಪ್ರಶ್ನೆ: ಇಡೀ ಊರೇ ಬಿದ್ದರೂ ಪಶುಪತಿನಾಥನ ಗುಡಿಗೆ ಏನೂ ಆಗಲಿಲ್ಲ. ಇದು ಪವಾಡ ತಾನೇ?

ಉತ್ತರ: ಮುಖ್ಯ ಗುಡಿ ಗಟ್ಟಿಯಾಗಿ ನಿಂತದ್ದು ನಿಜ. ನಮ್ಮ ಕಡೆಯ ಭಟ್ಟರು ತಲೆಮಾರುಗಳಿಂದ ಅಲ್ಲಿ ಪೂಜೆ ಮಾಡುವವರು, ಹಾಗಾಗಿ ನನಗೂ ನೆಮ್ಮದಿಯಾಯಿತು. ಆದರೆ ಅದೇ ದಿನ ಕಾಷ್ಠಮಂಡಪ ಬಿತ್ತು. ಕಾಠ್ಮಂಡುವಿಗೆ ಆ ಹೆಸರು ಬಂದದ್ದೇ ಅದರಿಂದ ಅಂತಾರೆ. ಬೀಳುವಾಗ ಒಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ರಕ್ತ ಕೊಡಲು ಬಂದವರು ಸತ್ತರು. ಒಂದನ್ನು ಪವಾಡ ಅಂದರೆ ಇನ್ನೊಂದನ್ನು ಏನಂತ ಕರೀತೀರಿ?

ಭಕ್ತಪುರದ ನ್ಯಾತಪೋಲ ಗುಡಿ ನೋಡಿ. 1702ರಲ್ಲಿ ಕಟ್ಟಿದ್ದು, ಐದು ಮಾಡು, ಕೆಳಗೆ ಐದು ಹಂತದ ಅಗಲವಾದ ಜಗಲಿ. 1934ರ ಭೂಕಂಪ ದಾಟಿತು, 2015ರದ್ದೂ ದಾಟಿತು. ಅದೇ ಚೌಕದ ಹತ್ತಿರ ವತ್ಸಲಾ ದೇವಿಯ ಕಲ್ಲಿನ ಗುಡಿ ಕುಸಿಯಿತು. ಕಾಠ್ಮಂಡು ಕಣಿವೆ ಒಂದು ಕಾಲಕ್ಕೆ ಸರೋವರ. ಆ ಮೆತ್ತಗಿನ ಮಣ್ಣು ಈ ಸಲ ನಿಧಾನವಾಗಿ, ಉದ್ದುದ್ದಕ್ಕೆ ತೂಗಿತು. ಗಿಡ್ಡ ಕಟ್ಟಡಗಳು ಹೆದರಿದ್ದಕ್ಕಿಂತ ಕಮ್ಮಿ ಬಿದ್ದವು, ಧರಹರಾ ಗೋಪುರದಂಥ ಎತ್ತರದವಕ್ಕೆ ಆ ತೂಗು ತಡೆಯಲಾಗಲಿಲ್ಲ. ಯಾವುದು ನಿಲ್ಲುತ್ತೆ ಅನ್ನೋದರಲ್ಲಿ ಕಟ್ಟಿದವನ ಕೈ ಇದೆ, ಮಣ್ಣಿನ ಪಾತ್ರ ಇದೆ. ದೇವರ ಪಾಲು ಎಷ್ಟು ಅನ್ನೋದನ್ನು ನಿಮಗೇ ಬಿಡ್ತೀನಿ.

ಪ್ರಶ್ನೆ: ಭೂಕಂಪವಾದ ದಿನವೇ ನಮ್ಮ ವಾಯುಪಡೆ ಹೋಯಿತು, ಅಷ್ಟೆಲ್ಲ ಮಾಡಿದೆವು. ಒಂದು ವಾರದಲ್ಲಿ "ಗೋ ಹೋಮ್ ಇಂಡಿಯನ್ ಮೀಡಿಯಾ" ಅಂದರು. ಉಪಕಾರ ಸ್ಮರಣೆ ಇಲ್ಲದ ಜನ ಅಲ್ವಾ?

ಉತ್ತರ: ಅಲ್ಲ. ಅವರು ಬೈದದ್ದು ಮೀಡಿಯಾವನ್ನು, ವಾಯುಪಡೆಯನ್ನಲ್ಲ. ಕಲ್ಲು ಎತ್ತಿದ ನಮ್ಮ ಜವಾನರ ಬಗ್ಗೆ ಒಳ್ಳೆ ಮಾತನ್ನೇ ನಾನು ಕೇಳಿದ್ದೇನೆ. ಮಗನನ್ನು ಕಳೆದುಕೊಂಡವಳ ಮುಖಕ್ಕೆ ಮೈಕ್ ಹಿಡಿದು ನಿಮಗೆ ಏನನ್ನಿಸ್ತಿದೆ ಅಂತ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತೆ. ಎತ್ತಿ ಕೂರಿಸಿದವನೇ ನಾನೇ ಎತ್ತಿದ್ದು ಅಂತ ಊರಿಗೆಲ್ಲ ಡಂಗುರ ಹೊಡೆದರೆ ಕೂತವನಿಗೆ ಹೇಗಾಗಬೇಡ?

ಇನ್ನೊಂದು, ಇದು ನಿಮ್ಮ ಕಾಗದದಲ್ಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನೇಪಾಳದ ಹೊಸ ಸಂವಿಧಾನ ಬಂತು. ತರಾಯಿಯಲ್ಲಿ, ಅಂದರೆ ನಮ್ಮ ಗಡಿಗೆ ಹತ್ತಿದ ಬಯಲಿನಲ್ಲಿ, ಅಲ್ಲಿನ ಮಧೇಶಿ ಜನ ಅದರ ವಿರುದ್ಧ ಚಳವಳಿಗೆ ಇಳಿದರು, ಭಾರತದ ಗಡಿಯಲ್ಲಿ ಲಾರಿಗಳು ನಿಂತವು. 2016ರ ಫೆಬ್ರವರಿವರೆಗೆ ಪೆಟ್ರೋಲಿಲ್ಲ, ಅಡುಗೆ ಗ್ಯಾಸಿಲ್ಲ, ಔಷಧಿ ಇಲ್ಲ. ಇದನ್ನು ಮಾಡಿದ್ದು ಭಾರತ ಅಂತ ಅವರು, ನಿಮ್ಮ ಒಳಗಿನ ಜಗಳ ಅಂತ ನಮ್ಮವರು. ಯಾರು ಸರಿ ಅನ್ನೋ ಜಗಳ ಇಲ್ಲಿ ಬೇಡ. ಆ ಚಳಿಗಾಲ ಜನ ಇನ್ನೂ ಟಾರ್ಪಾಲಿನ ಕೆಳಗಿದ್ದರು, ಅಷ್ಟು ನೆನಪಿಡಿ. ಏಪ್ರಿಲ್‌ನಲ್ಲಿ ನೇಪಾಳಕ್ಕಾಗಿ ಮೇಣದಬತ್ತಿ ಹಚ್ಚಿದ ನನ್ನ ಸ್ನೇಹಿತರಲ್ಲಿ ಒಬ್ಬರಿಗೂ ಡಿಸೆಂಬರ್‌ನಲ್ಲಿ ಈ ವಿಷಯ ಗೊತ್ತಿರಲಿಲ್ಲ. ಆಗ ನಮ್ಮ ಪ್ರೀತಿ ಎಲ್ಲಿ ಹೋಗಿತ್ತು ಅಂತ ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ: ಇಂಥದ್ದೇನಾದರೂ ಆದ ಮೇಲೆ ಆ ದೇಶಕ್ಕೆ ಪ್ರವಾಸ ಹೋಗೋದು ತಪ್ಪಾ? ಹೆಣದ ಮನೆಗೆ ಊಟಕ್ಕೆ ಹೋದ ಹಾಗೆ ಅನ್ನಿಸುತ್ತೆ.

ಉತ್ತರ: ಮೊದಲ ವಾರಗಳಲ್ಲಿ ತಪ್ಪು. ಅವರ ಹಾಸಿಗೆ, ನೀರು, ರಸ್ತೆ ಅವರಿಗೇ ಸಾಲಲ್ಲ. ಆಮೇಲೆ ಹೋಗದೇ ಇರೋದು ತಪ್ಪು. 2014ರಲ್ಲಿ ನೇಪಾಳಕ್ಕೆ ಸುಮಾರು 7.9 ಲಕ್ಷ ವಿದೇಶಿ ಪ್ರವಾಸಿಗರು ಹೋಗಿದ್ದರು, 2015ರಲ್ಲಿ 5.4 ಲಕ್ಷ. ಆಗಿದ್ದ 75 ಜಿಲ್ಲೆಗಳಲ್ಲಿ ತೀರಾ ಪೆಟ್ಟು ಬಿದ್ದದ್ದು 14ಕ್ಕೆ. ಪೋಖರಾದಲ್ಲಿ ಹೆಚ್ಚೇನೂ ಆಗಿರಲಿಲ್ಲ, ಆದರೂ ದೋಣಿಗಳು ಖಾಲಿ, ಹೋಟೆಲುಗಳು ಖಾಲಿ. ದೂರದಿಂದ ನೋಡುವಾಗ ಇಡೀ ದೇಶವೇ ಬಿದ್ದ ಹಾಗೆ ಕಾಣುತ್ತಲ್ಲ, ಅದರ ಫಲ ಇದು. ಹೋಗಿ, ಅವರ ಲಾಡ್ಜ್‌ನಲ್ಲಿ ಇಳಿದುಕೊಳ್ಳಿ, ದಾಲ್ ಭಾತ್ ತಿನ್ನಿ, ಚೌಕಾಸಿ ಕಮ್ಮಿ ಮಾಡಿ. ನಮ್ಮ ನೂರು ರೂಪಾಯಿ ಅಲ್ಲಿ 160, ಅದಕ್ಕೂ ಜಗಳವಾಡಬೇಡಿ.

ಪ್ರಶ್ನೆ: ಅಲ್ಲಿ ಮತ್ತೆ ದೊಡ್ಡದು ಬರುತ್ತಾ?

ಉತ್ತರ: ಬರುತ್ತೆ. ನಮ್ಮ ನೆಲ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಹಿಮಾಲಯದ ಕೆಳಗೆ ನುಗ್ಗುತ್ತಲೇ ಇದೆ. ಪಶ್ಚಿಮ ನೇಪಾಳದಲ್ಲಿ 1505ರ ನಂತರ ಅಂಥ ಭಾರಿ ಭೂಕಂಪ ಆಗಿಲ್ಲ, ಅಂದರೆ ಅಷ್ಟು ವರ್ಷದ ಒತ್ತಡ ಅಲ್ಲೇ ಕೂತಿದೆ. ಯಾವಾಗ ಅನ್ನೋದು ಯಾರಿಗೂ ಗೊತ್ತಿಲ್ಲ. 2023ರ ನವೆಂಬರ್ 3ರ ರಾತ್ರಿ ಜಾಜರಕೋಟ್‌ನಲ್ಲಿ ಬಂದದ್ದು ಅದಕ್ಕೆ ಹೋಲಿಸಿದರೆ ಚಿಕ್ಕದು. ಆದರೂ 150ಕ್ಕೂ ಹೆಚ್ಚು ಜನ ನಿದ್ದೆಯಲ್ಲೇ ಮಣ್ಣಿನಡಿ ಸೇರಿದರು. ಅದಕ್ಕೆ ಇಲ್ಲಿ ಮೇಣದಬತ್ತಿ ಹಚ್ಚಿದ್ದನ್ನು ನಾನಂತೂ ನೋಡಲಿಲ್ಲ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ನಿಮ್ಮ ಪಾಟನ್ ಮನೆಯ ಒಡತಿಯ ಬಗ್ಗೆ ಬರೆದಿದ್ದಿರಿ. ಅವರು ಆಮೇಲೆ ಮನೆ ಕಟ್ಟಿಕೊಂಡರಾ?
— ಅಂಕಣದ ಹಳೆ ಓದುಗ

ಉತ್ತರ: ಕಟ್ಟಿಕೊಂಡರು, ಏಳು ವರ್ಷ ಹಿಡಿಯಿತು. ಸರ್ಕಾರದಿಂದ ಮನೆಗೆ 3 ಲಕ್ಷ ನೇಪಾಳಿ ರೂಪಾಯಿ, ಮೂರು ಕಂತಲ್ಲಿ. ಒಂದೊಂದು ಕಂತಿಗೂ ಎಂಜಿನಿಯರ್ ಬಂದು ಪಾಯ, ಕಂಬಿ ಎಲ್ಲಾ ನೋಡಿ ಸರಿ ಅನ್ನಬೇಕು. ಆಮಾದು ಭಾವ-ಮೈದುನರ ಜೊತೆ ಗೋಡೆ ಹಾಕಿ ಹಂಚಿಕೊಂಡ ಮನೆ, ಯಾರ ಹೆಸರಲ್ಲಿ ದುಡ್ಡು ಬರಬೇಕು ಅನ್ನೋದಕ್ಕೇ ಎರಡು ವರ್ಷ ಹೋಯಿತು. ನಾನು ಹೋದದ್ದು ಮನೆಯ ಕೆಲಸ ಅರ್ಧ ಆದಾಗ. ಸಿಮೆಂಟಿನ ಕಂಬ, ಮುಂದುಗಡೆ ಮಾತ್ರ ಹಳೆ ಮನೆಯಿಂದ ಎತ್ತಿಟ್ಟಿದ್ದ ಎರಡು ಕೆತ್ತನೆ ಕಿಟಕಿ. "ಆಮಾ, ಈ ಸಲವಾದರೂ ಅಡುಗೆಮನೆ ಕೆಳಗೆ ಇಟ್ಕೊಳ್ಳಿ" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೀದಿಯಲ್ಲಿ ಹೋಗುವವರೆಲ್ಲ ನನ್ನ ಒಲೆ ನೋಡಬೇಕಾ ಅಂದರು. ಅಡುಗೆಮನೆ ಈಗಲೂ ಎಲ್ಲಕ್ಕಿಂತ ಮೇಲೇ ಇದೆ. ಮೆಟ್ಟಿಲು ಮಾತ್ರ ಅಗಲ ಮಾಡಿಸಿದ್ದಾರೆ, ಬೇಗ ಇಳಿಯೋಕೆ.